ಆ ಹಸಿರು ಗುಂಡಿ ಒತ್ತಿದ್ದು ನಾನು

ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲನೆಯವನು ನಾನು. ಹಾಗೆ ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಮಂಡಕಳ್ಳಿ ಆಚೆಯ ನಮ್ಮೂರಿನಿಂದ ದಿನಾ ಸೈಕಲ್ ತುಳಿದು ಕಾಲೇಜಿಗೆ ಬಂದವನು, ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ದಡ ಸೇರಿದವನು. ಅವ್ವ ನನ್ನ ಅಂಕಪಟ್ಟಿಯನ್ನು ಅಕ್ಕಿ ಡಬ್ಬದೊಳಗೆ ಇಟ್ಟಿದ್ದಳು. ಮನೆಯಲ್ಲಿ ಇಲಿ ಬಾಯಿ ಹಾಕದ ಜಾಗ ಅದೊಂದೇ. ಆ ಪದವಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಅದನ್ನು ತಲೆಗೇರಿಸಿಕೊಂಡು ಮಾಡಿದ ಒಂದು ಕೆಲಸದ ಬಗ್ಗೆ ಹೇಳಬೇಕಾಗಿದೆ.

ಓದು ಮುಗಿದ ಮೇಲೆ ಕುವೆಂಪುನಗರದ ಒಂದು ಡಿಟಿಪಿ ಅಂಗಡಿಗೆ ಸೇರಿದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಇದ್ದದ್ದು ಒಂದೇ ಕಂಪ್ಯೂಟರು. ಲಗ್ನಪತ್ರಿಕೆ, ಬಯೋಡೇಟಾ, ಮಠದ ಕಾರ್ಯಕ್ರಮದ ಆಹ್ವಾನ, ಎಲ್ಲವೂ ಅದರಲ್ಲೇ ಆಗಬೇಕು. ಮಾಲೀಕರು ಐವತ್ತು ದಾಟಿದವರು, ಹಣೆಗೆ ವಿಭೂತಿ ಹಚ್ಚದೆ ಅಂಗಡಿಯ ಬೀಗ ಮುಟ್ಟುತ್ತಿರಲಿಲ್ಲ. ಫೋನಿನ ತಂತಿಗೆ ಇಂಟರ್ನೆಟ್ ಹಾಕಿಸಿದ ದಿನವೇ ನನ್ನನ್ನು ಕರೆದು, "ನೋಡಯ್ಯಾ, ಇ-ಮೇಲು, ರಿಸಲ್ಟು, ಅಷ್ಟೇ. ಇನ್ನೇನನ್ನೂ ಇದರೊಳಕ್ಕೆ ಇಳಿಸ್ಕೋಬೇಡ. ಹಾಳಾದ್ರೆ ನೀನೂ ಇಲ್ಲ, ನಾನೂ ಇಲ್ಲ" ಅಂದಿದ್ದರು. ಹೂಂ ಅಂದಿದ್ದೆ.

ಆ ಅಂಗಡಿಗೆ ಉದಯಗಿರಿಯಿಂದ ಒಬ್ಬ ಸ್ಕೂಟರ್ ಮೆಕ್ಯಾನಿಕ್ ಬರುತ್ತಿದ್ದರು. ನಲವತ್ತರ ಹತ್ತಿರದ ವಯಸ್ಸು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮೊದಲ ದಿನ ಬಾಗಿಲಲ್ಲೇ ನಿಂತು, "ಸಾರ್, ನಾನೊಂದು ಬುಕ್ಕು ಮಾಡಿಸ್ಬೇಕು" ಅಂದರು. ಸ್ಕೂಟರ್ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ. "ಕಂಪನಿಯವ್ರ ಬುಕ್ಕೆಲ್ಲ ಇಂಗ್ಲಿಷು. ಕಲಿಯಕ್ಕೆ ಬರೋರಿಗೆ ಅದು ಎಂಗೆ ಅರ್ಥ ಆಗುತ್ತೆ ಹೇಳಿ? ನಾನು ಬಾಯಲ್ಲಿ ಹೇಳ್ತೀನಿ, ನೀವು ಬರ್ಕೊಳ್ಳಿ. ನನ್ನ ಕೈಬರಹ ನೋಡಿದ್ರೆ ನನಗೇ ನಗು ಬರುತ್ತೆ."

ನನಗಿಂತ ಹದಿನೈದು ವರ್ಷ ದೊಡ್ಡವರು ನನ್ನನ್ನು ಸಾರ್ ಅಂದರು. ಅದು ಎಷ್ಟು ಒಳಗೆ ಇಳಿಯಿತೆಂದು ನನಗೆ ಮಾತ್ರ ಗೊತ್ತು.

ಭಾನುವಾರ ಬೆಳಿಗ್ಗೆ ಮಾಲೀಕರ ಒಪ್ಪಿಗೆಯ ಮೇಲೆ ಕೂರುತ್ತಿದ್ದೆವು. ಅವರು ಪಕ್ಕದ ಸ್ಟೂಲಿನಲ್ಲಿ ಕೂತು ಕಣ್ಣು ಮುಚ್ಚಿ, ಎದುರಿಗೆ ಗಾಡಿ ಇದೆಯೆನ್ನುವ ಹಾಗೆ ಕೈ ಆಡಿಸುತ್ತಾ ಹೇಳುವರು. "ಪ್ಲಗ್ ಬಿಚ್ಚಿ ನೋಡಿ. ಕಪ್ಪಗೆ ಒದ್ದೆಯಾಗಿದ್ರೆ ಎಣ್ಣೆ ಜಾಸ್ತಿ. ಬೆಳ್ಳಗಿದ್ರೆ ಇಂಜಿನ್ನು ಒಳಗೆ ಸುಡ್ತಾ ಐತೆ ಅಂತ. ಬರ್ಕೊಂಡ್ರಾ?" ನಾನು ಟೈಪು ಮಾಡುವೆ. ಮುಗಿದ ಮೇಲೆ ಎಲ್ಲವನ್ನೂ ಒಂದು ಫ್ಲಾಪಿಗೆ ನಕಲು ಮಾಡಿ ಅವರ ಕೈಗೆ ಕೊಡುವೆ. ನಕಲು ಇಟ್ಟುಕೊಳ್ಳಬೇಕೆಂದು ಹೇಳಿಕೊಟ್ಟವನು ನಾನೇ. ಅದನ್ನವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೋಗುವರು. ಹೀಗೆ ನಲವತ್ತು ಪುಟ ದಾಟಿತು.

ಒಂದು ಭಾನುವಾರ ಫ್ಲಾಪಿ ಜೇಬಿಗೆ ಸೇರಿದ ಮೇಲೆ ಅವರು ಕೇಳಿದರು: "ಕಾರ್ಬೊರೇಟರ್ ಚಿತ್ರ ಇಲ್ದೆ ಎಂಗೆ ಸಾರ್? ಕಂಪ್ಯೂಟರಲ್ಲಿ ಬರೆಯಕ್ಕಾಗುತ್ತಾ?"

ಆಗುವುದಿಲ್ಲ, ನನಗೆ ಗೊತ್ತಿಲ್ಲ ಅನ್ನಬಹುದಿತ್ತು. "ಅದಕ್ಕೇನಂತೆ, ಚಿತ್ರ ಬರೆಯೋ ಸಾಫ್ಟ್‌ವೇರು ಇಂಟರ್ನೆಟ್ಟಲ್ಲಿ ಫ್ರೀ ಸಿಗುತ್ತೆ" ಅಂದೆ. ಹಾಗೆಂದು ಎಲ್ಲೋ ಕೇಳಿದ್ದೆ, ಅಷ್ಟೇ. ಯಾವ ಸೈಟು, ಯಾರದು, ಏನೊಂದೂ ಗೊತ್ತಿರಲಿಲ್ಲ. ಹುಡುಕಿದಾಗ ಮೊದಲು ಬಂದದ್ದನ್ನೇ ತೆರೆದೆ. ಪುಟದ ತುಂಬ ಮಿಣುಕುವ ಜಾಹೀರಾತು, ನಡುವೆ ಮೂರು ನಾಲ್ಕು ಕಡೆ ಡೌನ್‌ಲೋಡ್ ಅನ್ನುವ ಗುಂಡಿ. ಯಾವುದು ನಿಜವಾದದ್ದೆಂದು ತಿಳಿಯಲಿಲ್ಲ. ಎಲ್ಲಕ್ಕಿಂತ ದೊಡ್ಡದಾಗಿದ್ದ ಹಸಿರು ಗುಂಡಿಯನ್ನು ಒತ್ತಿದೆ.

ಅದು ಇಳಿಯುತ್ತಿದ್ದಾಗ ಅವರು ತೆರೆಗೆ ಮುಖ ತಂದು ನೋಡಿದರು. "ನಾವು ಸ್ಪೇರು ತಗೊಳ್ಳೋವಾಗ ಡಬ್ಬಿ ಮೇಲಿನ ಸ್ಟಿಕ್ಕರು ನೋಡ್ತೀವಿ, ತೂಕ ನೋಡ್ತೀವಿ. ಡೂಪ್ಲಿಕೇಟು ಎದ್ದು ಹೊಳೀತದೆ, ಒರಿಜಿನಲ್ಲು ಸುಮ್ನಿರುತ್ತೆ. ಇದ್ರಲ್ಲಿ ಒರಿಜಿನಲ್ಲು ಅಂತ ಎಂಗೆ ಕಂಡುಹಿಡಿಯೋದು?"

"ಇದು ಗ್ಯಾರೇಜಲ್ಲ ಅಣ್ಣ" ಅಂದು ನಕ್ಕೆ. ಅವರೂ ನಕ್ಕರು.

ಇಳಿದದ್ದನ್ನು ತೆರೆದಾಗ ಇಂಗ್ಲಿಷಿನಲ್ಲಿ ಉದ್ದನೆಯ ಷರತ್ತುಗಳು ಬಂದವು. ಅವರು ನೋಡುತ್ತಿದ್ದಾರಲ್ಲ, ಓದುವವನಂತೆ ತುಟಿ ಆಡಿಸಿದೆ, ಕಣ್ಣನ್ನು ಸರಸರನೆ ಕೆಳಗೆ ಓಡಿಸಿದೆ. ನಾಲ್ಕು ಸಾಲೂ ತಲೆಗೆ ಹೋಗಲಿಲ್ಲ. "ಅಷ್ಟೊಂದು ಬರೆದವ್ರಲ್ಲ, ಏನಂತೆ ಸಾರ್?" ಅಂದರು. "ಏನಿಲ್ಲ, ಮಾಮೂಲಿ" ಅಂದು ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತಾ ಹೋದೆ. ಚಿತ್ರ ಬರೆಯುವ ಸಾಫ್ಟ್‌ವೇರು ಬರಲೇ ಇಲ್ಲ. ತೆರೆ ಒಂದು ಗಳಿಗೆ ಕಪ್ಪಾಗಿ ಮತ್ತೆ ಸರಿಹೋಯಿತು. ಮುಂದಿನ ವಾರ ನೋಡೋಣ ಅಂದೆ.

ಸೋಮವಾರ ಕಂಪ್ಯೂಟರಿನಲ್ಲಿದ್ದ ಒಂದು ಕಡತವೂ ತೆರೆಯಲಿಲ್ಲ. ಮಂಗಳವಾರ ಸರ್ವೀಸಿನವನು ಬಂದು ನೋಡಿ, ವೈರಸ್ಸು, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಅಂದ. ಮಾಲೀಕರ ಎದುರಿಗೇ ನನ್ನನ್ನು ಕೇಳಿದ: "ಇಂಟರ್ನೆಟ್ಟಿಂದ ಏನಾದ್ರೂ ಇಳಿಸ್ಕೊಂಡ್ರಾ?"

"ಇಲ್ಲ."

"ಹೊರಗಿನ ಫ್ಲಾಪಿ ಹಾಕಿದ್ರಾ?"

"ಹೂಂ. ಉದಯಗಿರಿ ಮೆಕ್ಯಾನಿಕ್‌ದು."

ಎರಡು ಉತ್ತರಕ್ಕೂ ನಾನು ತಡವರಿಸಲಿಲ್ಲ. ಮಾಲೀಕರು ಹಣೆ ಚಚ್ಚಿಕೊಂಡರು. "ಕಂಡಕಂಡೋರದ್ದೆಲ್ಲ ಯಾಕಯ್ಯಾ ಹಾಕ್ತೀಯ? ಆ ಕಡೆಯವ್ರನ್ನ ಸೇರಿಸ್ಬಾರ್ದು ಅಂತ ಇದಕ್ಕೇ ಹೇಳೋದು." ಅವರ ಬಡಾವಣೆಯನ್ನೂ ಜನವನ್ನೂ ಒಟ್ಟಿಗೆ ಸೇರಿಸಿ ಆಡಿದ ಆ ಕಡೆಯವರು ಎಂಬ ಮಾತು ನನ್ನ ಸುಳ್ಳಿನಿಂದ ಹುಟ್ಟಿದ್ದು. ಅದನ್ನೂ ಕೇಳಿಸಿಕೊಂಡು ಕೀಬೋರ್ಡಿನ ಧೂಳು ಒರೆಸತೊಡಗಿದೆ.

ಬುಧವಾರ ಮೆಕ್ಯಾನಿಕ್ ತಾವಾಗಿಯೇ ಬಂದರು. ಮಾಲೀಕರು ಕೂರಲೂ ಹೇಳದೆ ಎಲ್ಲ ಒದರಿದರು. ಅವರು ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನಿಂತಿದ್ದರು. ಮುಖ ಸಣ್ಣದಾಗಿತ್ತು. "ತಪ್ಪಾಗೋಯ್ತು ಸಾಮಿ. ನಮ್ಮ ಹುಡುಗಿ ಕಾಲೇಜಲ್ಲಿ ಅದನ್ನ ಒಂದ್ಸಲ ಹಾಕಿ ನೋಡಿದ್ಲು. ಅಲ್ಲಿಂದ ಅಂಟ್ಕೊಂತೋ ಏನೋ." ತಾವೇ ಕಾರಣ ಹುಡುಕಿ ನನ್ನ ಸುಳ್ಳಿಗೆ ಬೇಲಿ ಕಟ್ಟಿಕೊಟ್ಟರು. ಆಮೇಲೆ ಜೇಬಿನಿಂದ ಆ ಪ್ಲಾಸ್ಟಿಕ್ ಕವರು ತೆಗೆದು, ಫ್ಲಾಪಿಯನ್ನು ನನ್ನತ್ತ ಹಿಡಿದು ಕೇಳಿದರು. "ಇದ್ರಲ್ಲಿ ಇನ್ನೂ ಐತಾ ಸಾರ್ ಆ ರೋಗ?"

ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಸಿರು ಗುಂಡಿ ಒತ್ತುವ ಮುಂಚೆಯೇ ಅದು ಅವರ ಜೇಬು ಸೇರಿತ್ತು. ಕಂಪ್ಯೂಟರಿನಲ್ಲಿದ್ದ ನಲವತ್ತು ಪುಟ ಹೋಗಿತ್ತು, ಅದು ಉಳಿದಿದ್ದುದು ಆ ಫ್ಲಾಪಿಯಲ್ಲಿ ಮಾತ್ರ. ಇಲ್ಲ ಅಂದರೆ, ಮತ್ತೆಲ್ಲಿಂದ ಬಂತು ಎಂಬ ಪ್ರಶ್ನೆ ಹುಟ್ಟುತ್ತದೆ. ಇಲ್ಲಿ ಕೊಡಿ, ನೋಡ್ತೀನಿ ಎಂದಿದ್ದರೂ ಸಾಕಿತ್ತು. ಪುಸ್ತಕ ಉಳಿಯುತ್ತಿತ್ತು, ನನ್ನ ಸುಳ್ಳಿಗೂ ಏನೂ ಆಗುತ್ತಿರಲಿಲ್ಲ. ಅಷ್ಟು ಯೋಚಿಸುವ ಧೈರ್ಯವೂ ಬರಲಿಲ್ಲ. ಹೌದೆಂದು ತಲೆ ಆಡಿಸಿದೆ.

"ಇನ್ನೊಬ್ರಿಗೆ ತೊಂದ್ರೆ ಬೇಡ, ಬುಡಿ" ಅಂದರು. ಹೊರಗೆ ನಿಲ್ಲಿಸಿದ್ದ ಸ್ಕೂಟರಿನ ಡಿಕ್ಕಿಯಿಂದ ಕಟಿಂಗ್ ಪ್ಲೇಯರ್ ತಂದು, ನಮ್ಮಿಬ್ಬರ ಎದುರಿಗೇ ಫ್ಲಾಪಿಯನ್ನು ಎರಡು ತುಂಡು ಮಾಡಿ, ಒಳಗಿನ ತೆಳ್ಳನೆಯ ಕಪ್ಪು ಹಾಳೆಯನ್ನೂ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ ಹೋದರು.

ಮತ್ತೆ ಬರಲಿಲ್ಲ. ನಾನೂ ಹೋಗಲಿಲ್ಲ.

ಎರಡು ವರ್ಷದ ನಂತರ ಆ ಅಂಗಡಿ ಬಿಟ್ಟು, ಡಿಪ್ಲೊಮಾ ಮಾಡಿಕೊಂಡು ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಕಲಿಸುವ ಕೆಲಸಕ್ಕೆ ಸೇರಿದೆ. ಭಯ ನನ್ನನ್ನು ಹುಷಾರು ಮಾಡಿತ್ತು. ಯಾವ ಸಾಫ್ಟ್‌ವೇರು ಬೇಕಾದರೂ ಅದನ್ನು ಮಾಡಿದವರ ಸ್ವಂತ ಸೈಟನ್ನೇ ಹುಡುಕುತ್ತಿದ್ದೆ, ಮೇಲಿನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದೆ. ದೊಡ್ಡದಾಗಿ ಮಿಣುಕುವ ಗುಂಡಿ ಕಂಡರೆ ಪುಟವನ್ನೇ ಮುಚ್ಚುತ್ತಿದ್ದೆ. ಇಳಿಸಿದ್ದನ್ನು ವೈರಸ್ ತಪಾಸಣೆ ಮಾಡದೆ ತೆರೆಯುತ್ತಿರಲಿಲ್ಲ. ಷರತ್ತುಗಳನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಅನುಮಾನ ಬಂದರೆ ನನಗಿಂತ ಚಿಕ್ಕವರನ್ನೂ ಕೇಳಿದೆ. ಒರಿಜಿನಲ್ಲು ಎಂಗೆ ಕಂಡುಹಿಡಿಯೋದು ಎಂದು ಅಂದು ಮೆಕ್ಯಾನಿಕ್ ಕೇಳಿದ್ದಕ್ಕೆ ಉತ್ತರ ಇಷ್ಟೇ ಆಗಿತ್ತು. ನಂಬಬಹುದಾದ ಸೈಟುಗಳ ಪಟ್ಟಿಯೊಂದನ್ನು ಕೈಯಲ್ಲಿ ಬರೆದು ಗೋಡೆಗೂ ಅಂಟಿಸಿದ್ದೆ. ಮೇಷ್ಟ್ರು ಬಹಳ ಹುಷಾರು ಎಂದು ಹೆಸರಾಯಿತು.

ಹೀಗೆ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಒಂದು ದಿನ ಪಾಠದ ನಡುವೆ, ಉದಾಹರಣೆ ಬೇಕಾಗಿ, ನನ್ನ ಬಾಯಿಂದ ಬಂತು: "ನಾನು ಕೆಲಸಕ್ಕಿದ್ದ ಅಂಗಡಿಗೆ ಒಬ್ಬ ಮೆಕ್ಯಾನಿಕ್ ಫ್ಲಾಪಿ ತಂದು ಕಂಪ್ಯೂಟರನ್ನೇ ಮಲಗಿಸಿಬಿಟ್ಟಿದ್ದ. ಕೊನೆಗೆ ಆ ಫ್ಲಾಪೀನ ಕಟಿಂಗ್ ಪ್ಲೇಯರಲ್ಲಿ ಕತ್ತರಿಸಿದ!" ಕ್ಲಾಸು ಗೊಳ್ಳೆಂದು ನಕ್ಕಿತು. ಅವರ ಜೊತೆ ನಾನೂ ನಗುತ್ತಿದ್ದೆ. ನಗು ನಿಂತದ್ದು, ಆ ಹಿರಿಯರನ್ನು ಏಕವಚನದಲ್ಲಿ ಕರೆದೆನಲ್ಲ ಎಂದು ಹೊಳೆದಾಗ.

ಆ ಭಾನುವಾರ ಉದಯಗಿರಿಗೆ ಹೋದೆ. ಗ್ಯಾರೇಜು ಅಲ್ಲೇ ಇತ್ತು. ಅವರ ತಲೆ ನರೆತಿತ್ತು, ನನ್ನ ಗುರುತು ಹಿಡಿದರು. ಟೀ ತರಿಸಿದರು. ಕುಡಿಯುವ ಮುಂಚೆ ಹೇಳಿಬಿಟ್ಟೆ. ಗುಂಡಿ ಒತ್ತಿದ್ದು, ಓದುವ ಹಾಗೆ ನಟಿಸಿದ್ದು, ಇಲ್ಲ ಅಂದದ್ದು, ಹೂಂ ಅಂದದ್ದು. ಅವರು ಸ್ಪ್ಯಾನರನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ನಾನು ಅದನ್ನ ಮುರಿಯೋವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಸ್ಪ್ಯಾನರನ್ನು ಕೆಳಗಿಟ್ಟರು. "ವೈರಸ್ಸು ಬುಡಿ, ಯಾರಿಗಾದ್ರೂ ಆಗುತ್ತೆ. ಅವತ್ತು ಮನೆಗೋಗಿ, ನಮ್ಮಂಥೋರು ಬುಕ್ಕು ಮಾಡಕ್ಕೆ ಹೋಗ್ಬಾರ್ದು ಕಣಮ್ಮ, ಮುಟ್ಟಿದ್ದೆಲ್ಲ ಕೆಡ್ತದೆ ಅಂದ್ಬುಟ್ಟೆ ನನ್ನ ಮಗಳಿಗೆ. ಅವ್ಳು ಇನ್ನೊಂದ್ಸಲ ಬರೆಯಣ ಅಂತ ಹಟ ಮಾಡಿದ್ಲು. ನಾನೇ ಬೇಡ ಅಂದೆ."

ಮತ್ತೆ ಟೈಪು ಮಾಡಿಕೊಡುತ್ತೇನೆ, ಎಷ್ಟು ಭಾನುವಾರವಾದರೂ ಸರಿ ಅಂದೆ. ಆ ಗೇರ್ ಸ್ಕೂಟರುಗಳು ಈಗ ಎಲ್ಲಿವೆ, ಕಲಿಯಕ್ಕೆ ಬರೋರು ಅದರ ಹೆಸರೂ ಕೇಳಿಲ್ಲ ಅಂದರು. ಟೀ ಆರಿಹೋಗಿತ್ತು.

ಮನೆಗೆ ಬಂದು ನೆನಪಿನಿಂದ ಬರೆಯಲು ಕೂತೆ. ನಲವತ್ತು ಪುಟ ನನ್ನ ಬೆರಳ ಕೆಳಗೇ ಹಾದುಹೋಗಿತ್ತು. ನಾಲ್ಕು ಪುಟ ಬಂತು, ಅಷ್ಟೇ. ಅವರು ಹೇಳುತ್ತಿದ್ದಾಗ ನಾನು ಕೇಳುತ್ತಲೇ ಇರಲಿಲ್ಲ, ನನ್ನ ಟೈಪಿಂಗ್ ವೇಗವನ್ನು ನೋಡಿಕೊಳ್ಳುತ್ತಿದ್ದೆ. ಆ ನಾಲ್ಕು ಪುಟವನ್ನೇ ಪ್ರಿಂಟು ತೆಗೆದು ಮುಂದಿನ ವಾರ ಕೊಂಡೊಯ್ದೆ.

ಅವರು ಕನ್ನಡಕ ಹಾಕಿಕೊಂಡು ನಿಂತೇ ಓದಿದರು. ಎರಡನೇ ಪುಟದಲ್ಲಿ ಬೆರಳು ನಿಂತಿತು.

"ಕಾರ್ಬೊರೇಟರ್ ಬಿಚ್ಚೋಕ್ ಮುಂಚೆ ಪೆಟ್ರೋಲ್ ಕಾಕ್ ಆಫ್ ಮಾಡಿ, ಇಲ್ಲಾಂದ್ರೆ ಪೆಟ್ರೋಲು ಬಿಸಿ ಇಂಜಿನ್ ಮೇಲೆ ಸುರೀತದೆ ಅಂತ ನಾನು ಹೇಳಿದ್ದೆ. ಅದೇ ಇಲ್ಲ ಇದ್ರಲ್ಲಿ" ಅಂದರು. ಹಾಳೆಗಳನ್ನು ಮಡಿಸಿ ನನ್ನ ಕೈಗೇ ಇಟ್ಟರು. "ಇದನ್ನ ಯಾರಿಗೂ ಕೊಡ್ಬೇಡಿ. ಕೈ ಸುಟ್ಕೊಂಡಾರು."