ಬೆನ್ನು ಮಾತ್ರ ಕಂಡವಳು

ಬೀದಿಯವರೆಲ್ಲ ಅವಳನ್ನು ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವನ್ನೇ ನಂಬಿ ಬದುಕಿದ ಹೆಂಗಸು. ಸದಾ ತುಟಿಯ ನಡುವೆ ಒಂದೆರಡು ಗುಂಡಿ ಕಚ್ಚಿಕೊಂಡಿರುತ್ತಿದ್ದುದರಿಂದ ಹರಟೆಗೆ ಬಂದವರಿಗೆ 'ಹೂಂ', 'ಊಹೂಂ' ಬಿಟ್ಟರೆ ಬೇರೆ ಉತ್ತರ ಸಿಗುತ್ತಿರಲಿಲ್ಲ. ಅಂಥವಳ ಒಂದು ಮಾತಿಗೆ ಊರೇ ಬಾಯಿಬಿಟ್ಟುಕೊಂಡು ಕೂರುವ ಕಾಲ ಬಂತು.

ಎದುರಿನ ಅಚ್ಚುಕೂಟದ ಯಜಮಾನನನ್ನು ಒಂದು ಸಂಜೆ ಯಾರೋ ಒಳಗೇ ಹೊಡೆದು ಕೊಂದರು. ಕೈಗಡಿಯಾರವೂ ಹೋಗಿತ್ತು. ಕಿಟಕಿ ಮುಚ್ಚಲು ಎದ್ದಿದ್ದ ಗುಂಡಿಯಕ್ಕನಿಗೆ ಅಚ್ಚುಕೂಟದ ಪಕ್ಕದ ಬಾಗಿಲಿಂದ ಒಬ್ಬ ಹೊರಬಿದ್ದು ಗಲ್ಲಿಯತ್ತ ಓಡಿದ್ದು ಕಂಡಿತ್ತು. ನೀಲಿ ಅಂಗಿ, ಅಗಲವಾದ ಬೆನ್ನು. ಅಷ್ಟೇ.

ಪೊಲೀಸರು ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಂಪೋಸಿಟರನನ್ನು ಹಿಡಿದರು. ಹಿಂದಿನ ದಿನವಷ್ಟೇ ಅವನು ರಜೆ ವಿಷಯಕ್ಕೆ ಯಜಮಾನನೊಂದಿಗೆ ಕೂಗಾಡಿದ್ದ. ಅವನ ಬಳಿ ನೀಲಿ ಅಂಗಿಯೂ ಇತ್ತು. ಹೊಲಿದುಕೊಟ್ಟವಳು ಗುಂಡಿಯಕ್ಕನೇ. ಆದರೆ ಅದೇ ಬಟ್ಟೆಯಲ್ಲಿ ಬೀದಿಯ ಅರ್ಧ ಗಂಡಸರಿಗೂ ಹೊಲಿದುಕೊಟ್ಟಿದ್ದಳಲ್ಲ!

ವಿಚಾರಣೆ ಹತ್ತಿರ ಬಂತು. ಸತ್ತವನ ತಾಯಿ ಬಂದು ಗುಂಡಿಯಕ್ಕನ ಕೈ ಹಿಡಿದುಕೊಂಡಳು.

"ಅವನೇ ಅಂತ ಒಂದ್ಮಾತು ಹೇಳ್ಬಿಡು ಮಗಳೇ. ನನ್ನ ಹೊಟ್ಟೆ ಉರೀತಿದೆ."

"ಮುಖ ನೋಡ್ಲಿಲ್ಲ ಅಮ್ಮ."

"ಇನ್ಯಾರು ಇರ್ತಾರೆ ಹೇಳು?"

ಗುಂಡಿಯಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು. ಹೌದೆಂದರೆ ಒಬ್ಬನ ಕೊರಳಿಗೆ ನೇಣು. ಇಲ್ಲವೆಂದರೆ, ಅವನೇ ಆಗಿದ್ದರೆ? ಕೊಲೆಗಾರನನ್ನು ತಾನೇ ಕೈಯಾರೆ ಬೀದಿಗೆ ಬಿಟ್ಟಂತೆ.

ಕಟಕಟೆಯಲ್ಲಿ ನಿಂತಳು. ಸರ್ಕಾರಿ ವಕೀಲರು ತಿರುಗಿಸಿ ತಿರುಗಿಸಿ ಕೇಳಿದರು. ಅವಳು ಹಿಡಿದ ಮಾತು ಬಿಡಲಿಲ್ಲ: "ಬೆನ್ನು ನೋಡ್ದೆ ಸ್ವಾಮಿ. ಬೆನ್ನಿಗೆ ಹೆಸರಿರಲ್ಲ."

ಕಂಪೋಸಿಟರ್ ಬಿಡುಗಡೆಯಾದ. ಸಾಲಾಗಿ ಕೂತಿದ್ದವರ ನಡುವಿನಿಂದ ಆ ತಾಯಿ ಎದ್ದು, ಇವಳತ್ತ ಒಮ್ಮೆಯೂ ನೋಡದೆ ಹೊರಟುಹೋದಳು.

ಮರುದಿನ ಕಂಪೋಸಿಟರ್ ಹೆಂಡತಿಯೊಂದಿಗೆ ಬಂದು ಗುಂಡಿಯಕ್ಕನ ಬಾಗಿಲು ತಟ್ಟಿದ.

"ಅಕ್ಕಾ, ಕಾಲಿಗೆ ಬಿದ್ದು ಹೋಗೋಣ ಅಂತ ಬಂದ್ವಿ."

ಗುಂಡಿಯಕ್ಕ ಚಿಲಕ ಹಾಕಿದಳು. ಕತ್ತರಿಯನ್ನು ಸೆರಗಿನಡಿ ಹಿಡಿದು ಗೋಡೆಗೆ ಒರಗಿ ನಿಂತಳು. "ಹೋಗಪ್ಪ, ಹೋಗು," ಎಂದಳು ಒಳಗಿನಿಂದಲೇ. ಆಮೇಲೆ ಎರಡು ಜೊತೆ ಚಪ್ಪಲಿ ದೂರ ಸರಿದವು. ಯಾರೂ ಕೆಲಸ ಕೊಡದೆ, ಕಂಡಲ್ಲೆಲ್ಲ ಜನ ಪಿಸುಗುಟ್ಟುವುದನ್ನು ತಾಳಲಾರದೆ, ತಿಂಗಳೊಪ್ಪತ್ತಿನಲ್ಲಿ ಅವರು ಊರನ್ನೇ ಬಿಟ್ಟರು. ಅವಳಿಗೆ ನಿರಾಳವಾಗಬೇಕಿತ್ತು, ಆಗಲಿಲ್ಲ. ಎಲ್ಲಾದರೂ ಕೊಲೆಯಾದ ಸುದ್ದಿ ಬಂದರೆ ಯಂತ್ರ ತುಳಿಯುತ್ತಿದ್ದ ಕಾಲು ನಿಂತುಬಿಡುತ್ತಿತ್ತು.

ಹೀಗೆ ವರ್ಷಗಳು ಕಳೆದವು. ಬೇರೊಂದು ಕಳವಿನಲ್ಲಿ ಸಿಕ್ಕಿಬಿದ್ದವನ ಮನೆಯಲ್ಲಿ ಯಜಮಾನನ ಕೈಗಡಿಯಾರ ಸಿಕ್ಕಿತು. ಹಿಂದೆ ಅಚ್ಚುಕೂಟಕ್ಕೆ ಕಾಗದ ಸಾಗಿಸುತ್ತಿದ್ದ ಗಾಡಿಯವನು. ಎಲ್ಲ ಒಪ್ಪಿಕೊಂಡ.

ಸುದ್ದಿ ತಿಳಿದ ದಿನ ಸತ್ತವನ ತಾಯಿ ತಾನಾಗಿಯೇ ಇವಳ ಹೊಸ್ತಿಲು ತುಳಿದಳು. ಬೆನ್ನು ಬಾಗಿತ್ತು.

"ಇಷ್ಟು ವರ್ಷ ಆ ಹುಡುಗನಿಗೇ ಶಾಪ ಹಾಕ್ದೆ. ಅವನೆಲ್ಲಿದಾನೆ, ಗೊತ್ತಾ?"

ಅಲ್ಲಿ ಇಲ್ಲಿ ವಿಚಾರಿಸಿ ಇಬ್ಬರೂ ಬಸ್ಸು ಹತ್ತಿ ಹೋದರು. ದೂರದ ಪೇಟೆಯ ಸಣ್ಣ ಅಚ್ಚುಕೂಟದಲ್ಲಿ ಅವನು ಬಗ್ಗಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಬಾಗಿಲಲ್ಲಿ ನಿಂತ ಇಬ್ಬರನ್ನು ಕಂಡದ್ದೇ ಅವನು ಬೆಚ್ಚಿ ನೆಟ್ಟಗಾದ. ಕೈಯಲ್ಲಿದ್ದ ಮೊಳೆಗಳು ನೆಲದ ಮೇಲೆ ಚೆಲ್ಲಿಹೋದವು.

"ಮತ್ತೇನಾಯ್ತು? ನಾನು ಇಲ್ಲೇ ಇದ್ದೆ, ಬೇಕಾದ್ರೆ ಇವರನ್ನೆಲ್ಲ ಕೇಳಿ..."

"ಏನೂ ಆಗಿಲ್ಲಪ್ಪ," ಎಂದಳು ಮುದುಕಿ. "ಕೊಂದವನು ಸಿಕ್ಕಿದ. ನೀನಲ್ಲ ಕಣೋ."

ಅವನು ಅಲ್ಲೇ ನೆಲದ ಮೇಲೆ ಕೂತ. ಗುಂಡಿಯಕ್ಕ ಪಕ್ಕದಲ್ಲೇ ನೆಲಕ್ಕೆ ಕೂತು ಚೆಲ್ಲಿದ ಮೊಳೆಗಳನ್ನು ಆರಿಸತೊಡಗಿದಳು.

"ಆವತ್ತು ನಾನು ಬಾಗಿಲು ತೆಗೀಲಿಲ್ಲ," ಎಂದಳು. "ಹೆದರಿದ್ದೆ."

"ಗೊತ್ತಕ್ಕ," ಎಂದ ಅವನು. ಅವಳು ಆರಿಸಿದ್ದ ಮೊಳೆಗಳಿಗಾಗಿ ಅಂಗೈ ಚಾಚಿದ.