ಹಳದಿ ಗೆರೆ ಮತ್ತು ಅಜ್ಜಿಯ ಮಡಿ

ನಿನ್ನೆ ಹೈದರಾಬಾದಿನ ಉಪ್ಪಲ್‌ನ ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಗ್ಯಾಸ್‌ಬತ್ತಿ ಸಿಕ್ಕಿತು. ಅದರೊಳಗೆ ಉರಿಯುವ ಬಿಳಿ ಜಾಲರಿಯ ಚೀಲ, ಅದೇ ಮ್ಯಾಂಟಲ್, ಮುಟ್ಟಿದೊಡನೆ ಪುಡಿಯಾಯಿತು. ಬೆರಳಿಗೆ ಹತ್ತಿದ ಪುಡಿ ನೋಡಿ ಒಬ್ಬಳೇ ನಕ್ಕೆ. ಯಾಕೆಂದು ನಿಮಗೆ ಹೇಳಲೇಬೇಕು.

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಅಣುಸ್ಥಾವರಗಳಿಗೆ ಇಂಧನ ತಯಾರಿಸುವ ಕಾರ್ಖಾನೆಯೊಂದರಲ್ಲಿದ್ದ. ಅದು ಮುಚ್ಚಿದ ಮೇಲೆ ಅವನನ್ನು ತೊಳೆಯುವ ತಂಡಕ್ಕೆ ಹಾಕಿದರು. ಯುರೇನಿಯಂ ಧೂಳು ಕೂತ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಒರೆಸಿದ ಬಟ್ಟೆಯನ್ನು ಡ್ರಮ್ಮಿಗೆ ತುಂಬುವುದು, ಮತ್ತೆ ಒರೆಸುವುದು. ಇಂಜಿನಿಯರಿಂಗ್ ಓದಿ ನೆಲ ಒರೆಸುವ ಕೆಲಸ ಹಿಡಿದನೆಂದು ಬಂಧುಗಳು ನಗುತ್ತಿದ್ದರು. ಕಾಲೇಜಿನಲ್ಲಿದ್ದ ನಾನೂ ನಕ್ಕಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ಅಲ್ಲಿ ಧೂಳಿನ ಜಾಗದ ಸುತ್ತ ಒಂದು ಹಳದಿ ಗೆರೆಯಿತ್ತಂತೆ. ಆಚೆಯ ಚಪ್ಪಲಿ ಈಚೆ ಬರುವಂತಿಲ್ಲ, ಆಚೆ ತೊಟ್ಟದ್ದು ಈಚೆ ತೊಡುವಂತಿಲ್ಲ. ಹೊರಡುವಾಗ ಯಂತ್ರದೊಳಗೆ ಕೈಯಿಡಬೇಕು, ವಿಕಿರಣದ ಧೂಳಿದ್ದರೆ ಗಂಟೆ ಬಡಿಯುತ್ತದೆ. ನಮ್ಮ ಅಜ್ಜಿಯ ಅಡುಗೆಮನೆಯ ಕಾನೂನೂ ಹೆಚ್ಚುಕಡಿಮೆ ಇದೇ, ಗಂಟೆಯ ಬದಲು ಅಜ್ಜಿಯ ಬಾಯಿ. ಕಲಬುರಗಿಯಿಂದ ಹೈದರಾಬಾದಿಗೆ ಬರುವಾಗ ಆಕೆ ಒಂದು ರೊಟ್ಟಿಯ ಹಂಚು ತಂದಿದ್ದಳು, ಜೊತೆಗೆ ತನ್ನ ಮಡಿಯನ್ನು. ಧೂಳಿನ ಕೆಲಸದವನೆಂದು ಎರಡು ವರ್ಷ ಕಾಕಾನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ; ಪಡಸಾಲೆಯಲ್ಲಿ ಬೇರೆ ತಾಟು. ದಿನಾ ತಿಕ್ಕಿ ತೊಳೆದು, ಯಂತ್ರದಲ್ಲಿ ಪಾಸಾಗಿ ಬರುತ್ತೇನೆ ಎಂದು ಅವನು ಹೇಳಿದರೆ, ಯಂತ್ರಕ್ಕೆ ಮಡಿಯ ವಿಷಯ ಏನು ಗೊತ್ತು ಎನ್ನುತ್ತಿದ್ದಳು. ಕಾಕಾ ನಗುತ್ತಲೇ ಉಣ್ಣುತ್ತಿದ್ದ. ಎರಡನೇ ರೊಟ್ಟಿ ಮಾತ್ರ ಕೇಳುತ್ತಿರಲಿಲ್ಲ.

ಕೊನೆಗೆ ಕಾರ್ಖಾನೆಯ ಶೆಡ್ಡು ಶುದ್ಧವಾಯಿತೆಂದು ಮನೆಯವರಿಗೂ ನೋಡಲು ಕರೆ ಬಂತು. ಅಜ್ಜಿ ಮಡಿಸೀರೆ ಉಟ್ಟು ಹೊರಟಳು. ಖಾಲಿ ಶೆಡ್ಡಿನ ಮೂಲೆಮೂಲೆಗೂ ಬೆರಳಾಡಿಸಿ ಧೂಳು ಹುಡುಕಿದಳು, ಸಿಗಲಿಲ್ಲ. ಹೊರಡುವಾಗ ಯಂತ್ರದಲ್ಲಿ ನಾನು ಕೈಯಿಟ್ಟೆ, ಸದ್ದಿಲ್ಲ. ಕಾಕಾ ಇಟ್ಟ, ಸದ್ದಿಲ್ಲ. ಅಜ್ಜಿ ಇಟ್ಟಳು, ಗಂಟೆ ಬಡಿದುಕೊಂಡಿತು.

ಕಾಕಾನ ಮುಖ ಬಿಳಿಚಿತು. ಶೆಡ್ಡಿನ ಧೂಳಾಗಿದ್ದರೆ ಎರಡು ವರ್ಷದ ಕೆಲಸ ನೀರುಪಾಲು. ಅವನ ಜೊತೆಯವರು ಅಜ್ಜಿ ಮುಟ್ಟಿದ ಜಾಗವನ್ನೆಲ್ಲ ಮೀಟರು ಹಿಡಿದು ಜಾಲಾಡಿದರು, ಎಲ್ಲ ಸ್ವಚ್ಛ. ಸದ್ದು ಬರುತ್ತಿದ್ದುದು ಅಜ್ಜಿಯ ಉಗುರುಗಳಿಂದ ಮಾತ್ರ.

"ಅವ್ವಾ, ಮುಂಜಾನೆ ಏನ್ ಮುಟ್ಟಿದ್ದಿ?" ಎಂದು ಕಾಕಾ ಮೆಲ್ಲಗೆ ಕೇಳಿದ.

ಕರೆಂಟು ಹೋಗಿತ್ತು, ಗ್ಯಾಸ್‌ಬತ್ತಿಯ ಹಳೆಯ ಮ್ಯಾಂಟಲ್ ಉದುರಿಸಿ ಹೊಸದು ಕಟ್ಟಿದೆ ಎಂದಳು. ಕಾಕಾನಿಗೆ ಹೋದ ಜೀವ ಬಂತು. ಆ ಮ್ಯಾಂಟಲ್‌ಗೆ ಥೋರಿಯಂ ಹಾಕುತ್ತಿದ್ದರು, ಯುರೇನಿಯಂನ ದಾಯಾದಿ, ಅದೂ ವಿಕಿರಣ ಸೂಸುತ್ತದೆ. ಅಜ್ಜಿ ಕೈಯನ್ನೇನೋ ತೊಳೆದಿದ್ದಳು, ಆದರೆ ಬರೀ ನೀರಿನಲ್ಲಿ. ಸಾಬೂನಿಗೆ ಕೊಬ್ಬು ಹಾಕುತ್ತಾರೆಂದು ಮಡಿಯಲ್ಲಿ ಅದನ್ನು ಮುಟ್ಟುತ್ತಿರಲಿಲ್ಲ.

ಕಾಕಾ ಆಕೆಯನ್ನು ನಲ್ಲಿಯ ಬಳಿ ಕೂರಿಸಿ, ಸಾಬೂನು ಹಚ್ಚಿ, ಒಂದೊಂದೇ ಉಗುರು ತಿಕ್ಕಿದ. ಮೂರನೇ ಸಲಕ್ಕೆ ಯಂತ್ರ ಸುಮ್ಮನಾಯಿತು. ಮಡಿ ಕೆಟ್ಟಿತೆಂದು ರಂಪ ಮಾಡುತ್ತಾಳೆಂದು ನಾನು ಕಾದೆ. ಆಕೆ ಮಗನ ಕೈಗಳನ್ನೇ ನೋಡುತ್ತಿದ್ದಳು. ತೊಳೆದು ತೊಳೆದು ಅವು ಬಿರುಕು ಬಿಟ್ಟಿದ್ದವು.

"ದಿನಾ ಇಷ್ಟು ತಿಕ್ಕಿ ತೊಳಕೊಂಡು ಬರ್ತಿದ್ದೇನೋ? ಮೊದಲ ಹೇಳಬಾರದಾಗಿತ್ತೇನು?" ಎಂದಳು.

ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದ ಕಾಕಾ ಆಕೆಯ ಕೈ ಒರೆಸಿದ. ಅಂದು ಅಜ್ಜಿ ಅವನಿಗೆ ಒಲೆಯ ಪಕ್ಕದಲ್ಲೇ ಮಣೆ ಹಾಕಿದಳು. ಅವನು ನಾಲ್ಕು ರೊಟ್ಟಿ ಉಂಡ.

ಅಜ್ಜಿ ಈಗಿಲ್ಲ. ನಿನ್ನೆ ಆ ಪುಡಿಯನ್ನು ಏನು ಮಾಡಲೆಂದು ಕಾಕಾನಿಗೆ ಫೋನು ಮಾಡಿದೆ. ಮುಟ್ಟಬೇಡ, ಬಂದೆ ಎಂದವನು ಈ ವಯಸ್ಸಿನಲ್ಲೂ ಬಟ್ಟೆ, ಡಬ್ಬಿ ಹಿಡಿದೇ ಬಂದ. ಅವನು ಅಟ್ಟ ಒರೆಸುವುದನ್ನು ಈ ಸಲ ನಾನು ನಗದೆ ನೋಡಿದೆ. ಆಮೇಲೆ ನನ್ನ ಉಗುರುಗಳನ್ನು ತಿಕ್ಕಿಸಿದ, ಮೂರು ಸಲ. ಊಟಕ್ಕೆ ಒಲೆಯ ಪಕ್ಕದಲ್ಲೇ ಕೂರಿಸಿದೆ. ಎರಡನೇ ರೊಟ್ಟಿಯನ್ನು ಅವನು ಕೇಳುವ ಮೊದಲೇ ಬಡಿಸಿದೆ.