ಮೌಸಿಗೆ ಹಚ್ಚಿದ ಗಂಧ

ಭಾನುವಾರ ನಮ್ಮ ಸ್ಟುಡಿಯೋಕ್ಕೆ ರಜೆ. ಆ ದಿನ ಮಾಲಕರು ಯಾರನ್ನೋ ಕರೆಸಿ ಎಲ್ಲ ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿಸಿದ್ದರು. ಸೋಮವಾರ ಬೆಳಿಗ್ಗೆ ಬಂದು ಮೌಸ್ ಹಿಡಿದರೆ ಅದು ನನ್ನ ಮಾತೇ ಕೇಳುವುದಿಲ್ಲ. ಫೋಟೋ ಆರಿಸಲು ಬೆರಳೊತ್ತಿದರೆ ಎಂಥದೋ ಮೆನು ತೆರೆದುಕೊಳ್ಳುತ್ತದೆ. ಬಾಣವನ್ನು ಸ್ವಲ್ಪ ಸರಿಸಿದರೆ ಪರದೆಯ ಅಂಚಿಗೇ ಹಾರುತ್ತದೆ. ಪಕ್ಕದ ಮೇಜಿನ ಹುಡುಗಿಯ ಕೆಲಸ ಮಾತ್ರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗುತ್ತಿತ್ತು. ನೋಡಿ ನನಗೆ ಮೈಯೆಲ್ಲ ಉರಿಯಿತು.

ನಾನು ಎಡಚಿ. ಫಳ್ನೀರಿನ ಈ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುವ ಕೆಲಸಕ್ಕೆ ಸೇರಿದ ಹೊಸತರಲ್ಲೇ ಯಾರೋ ಪುಣ್ಯಾತ್ಮರು ನನ್ನ ಮೌಸಿನ ಎರಡು ಗುಂಡಿಗಳ ಕೆಲಸವನ್ನು ಅದಲುಬದಲು ಮಾಡಿ, ಎಡಗೈಗೆ ಹೊಂದಿಸಿಕೊಟ್ಟಿದ್ದರು. ಅದನ್ನು ಎಲ್ಲಿ ಹೋಗಿ ಮಾಡಿದರೆಂದು ನಾನು ನೋಡಿಟ್ಟುಕೊಳ್ಳಲಿಲ್ಲ. ಇಷ್ಟು ವರ್ಷ ಅದರ ಅಗತ್ಯವೂ ಬಿದ್ದಿರಲಿಲ್ಲ.

"ಎಲ್ಲರದ್ದೂ ಸರಿ ಉಂಟಲ್ಲ, ನಿಮ್ಮದೊಂದಕ್ಕೆ ಎಂತ ಆಗಿದೆ?" ಎಂದರು ಮಾಲಕರು. ಸಾಲದ್ದಕ್ಕೆ, "ಕುಣಿಯಲಿಕ್ಕೆ ಬಾರದವಳಿಗೆ ನೆಲ ಡೊಂಕಂತೆ" ಎಂದು ನಗಾಡಿದರು. ರಿಪೇರಿಯವನು ಬುಧವಾರ ಬರುತ್ತಾನೆಂದು ಗೊತ್ತಾಯಿತು.

"ಅಕ್ಕ, ನಾನೊಮ್ಮೆ ನೋಡ್ಲಾ?" ಎಂದು ಆ ಹುಡುಗಿ ಕೇಳಿದಳು.

"ಬೇಡ. ಅವ ಬರ್ತಾನಲ್ಲ," ಎಂದೆ.

ಅವಳು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಳೆಯಾಚೆಯ ಬೆಂಗ್ರೆಯಿಂದ ಫೆರಿ ದೋಣಿಯಲ್ಲಿ ಬರುವವಳು. ಗಾಳಿಗೆ ಒಣಗಿದ ಮುಖದಲ್ಲೇ ಬಂದು ಕುಳಿತರೆ ನಾನು ಅರ್ಧ ದಿನ ಹೆಣಗುವುದನ್ನು ಚಹಾ ಬರುವುದರೊಳಗೆ ಮುಗಿಸುತ್ತಿದ್ದಳು. ಸಭ್ಯಸ್ಥೆ ಬೇರೆ. ಒಂದು ಎದುರು ಮಾತಾದರೂ ಆಡುತ್ತಿದ್ದರೆ ಬೈದು ಹಗುರಾಗುತ್ತಿದ್ದೆ, ಅದಕ್ಕೂ ದಾರಿಯಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಚಂದದ ಹೆಸರು ಕೊಡುವುದಿಲ್ಲ.

ಅವಳು ಬರುವ ತನಕ ಇಲ್ಲಿ ಡಿಸೈನಿಗೆ ಕೂರುವ ಹೆಂಗಸು ನಾನೊಬ್ಬಳೇ. ಅದಕ್ಕೆ ಬೆಲೆ ಇತ್ತು. ನಮ್ಮಲ್ಲಿಗೆ ಬರುವ ಬ್ಯಾರಿ ಮುಸ್ಲಿಂ ಮನೆಗಳವರು ಮದುವೆಯಲ್ಲಿ ಹೆಂಗಸರ ಕಡೆಯ ಫೋಟೋಗಳನ್ನು ಗಂಡಸರ ಕೈಗೆ ಕೊಡುವುದಿಲ್ಲ. ಮದುಮಗಳ ತಾಯಿ ಮೆಮೊರಿ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ತಾನೇ ಬರುತ್ತಾಳೆ. ನನ್ನ ಪಕ್ಕ ಸ್ಟೂಲ್ ಹಾಕಿ ಆಲ್ಬಮ್ ಮುಗಿಯುವವರೆಗೆ ಕುಳಿತು, ಎಲ್ಲವನ್ನೂ ಕಣ್ಣೆದುರೇ ಅಳಿಸಿ ಹಾಕಿಸಿ, ಕಾರ್ಡ್ ತೆಗೆದುಕೊಂಡು ಹೋಗುತ್ತಾಳೆ. ಅಂಥ ತಾಯಂದಿರಲ್ಲಿ ಒಬ್ಬರಿಗೆ ಮೂರು ಹೆಣ್ಣುಮಕ್ಕಳು. ಮೊದಲಿಬ್ಬರ ಆಲ್ಬಮ್ ಮಾಡಿದವಳು ನಾನು. ಆ ಎರಡರಲ್ಲೂ ಅಕ್ಕಂದಿರ ಸೆರಗು ಹಿಡಿದು ಇಣುಕುತ್ತಿದ್ದ ಕೊನೆಯವಳಿಗೆ ಈಗ ಮದುವೆಯಾಗಿತ್ತು. ಅವಳನ್ನು ಮದುಮಗಳ ವೇಷದಲ್ಲಿ ನೋಡಬೇಕು, ಆ ಆಲ್ಬಮ್ ನನ್ನ ಕೈಯಲ್ಲೇ ಆಗಬೇಕು ಎಂದು ಕಾದುಕೊಂಡಿದ್ದೆ. ಬುಧವಾರವೇ ಬರುತ್ತೇನೆಂದು ತಾಯಿ ಫೋನ್ ಮಾಡಿದ್ದರು.

ಸೋಮವಾರ ಸಂಜೆ ಕದ್ರಿ ದೇವಸ್ಥಾನಕ್ಕೆ ಹೋಗುವುದು ನನ್ನ ರೂಢಿ. ಆ ದಿನ ಕೈಮುಗಿದು ನಿಂತಾಗ ಮನಸ್ಸಿಗೆ ಬಂದದ್ದು ಒಂದೇ: ಇದು ಅಪ್‌ಗ್ರೇಡೂ ಅಲ್ಲ ಎಂಥದೂ ಅಲ್ಲ, ಆ ಹುಡುಗಿಯ ದೃಷ್ಟಿ ತಾಗಿದ್ದು. ಪ್ರಸಾದದ ಗಂಧವನ್ನು ಬಾಳೆಲೆ ತುಂಡಿನಲ್ಲಿ ಮಡಚಿ ತಂದೆ. ಮಂಗಳವಾರ ಅವಳ ಫೆರಿ ದಾಟುವ ಮೊದಲೇ ಸ್ಟುಡಿಯೋ ಸೇರಿ ಮೌಸ್ ಮಗುಚಿದೆ. ಮೇಲೆ ಹಚ್ಚಿದರೆ ಅವಳಿಗೆ ಕಾಣುತ್ತದಲ್ಲ! ಹೊಟ್ಟೆಯ ಕಡೆ ಸಣ್ಣ ಕೆಂಪು ಬೆಳಕು ಉರಿಯುತ್ತಿತ್ತು. ಇದರ ಜೀವ ಇರುವುದು ಇಲ್ಲೇ ಎಂದುಕೊಂಡು, ಅಲ್ಲಿಗೇ ದಪ್ಪವಾಗಿ ಒಂದು ಬೊಟ್ಟು ಇಟ್ಟೆ.

ಅಯ್ಯೋ ದೇವರೇ, ಆಮೇಲೆ ಬಾಣ ಅಲುಗಾಡುವುದನ್ನೇ ಬಿಟ್ಟಿತು. ದೃಷ್ಟಿ ಎಷ್ಟು ಗಟ್ಟಿ ನೋಡಿ, ದೇವರ ಗಂಧಕ್ಕೂ ಬಗ್ಗುವುದಿಲ್ಲ ಎಂದು ಇಡೀ ದಿನ ಹಲ್ಲು ಕಚ್ಚಿಕೊಂಡು ಆಲ್ಬಮ್ಮುಗಳಿಗೆ ರಟ್ಟು ಅಂಟಿಸುತ್ತಾ ಕುಳಿತೆ.

ಬುಧವಾರ ಆ ತಾಯಿ ಬಂದು, ಯಾವತ್ತಿನ ಹಾಗೆ ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. ನಾನು ಮೌಸನ್ನು ಕುಟ್ಟಿದೆ, ವಯರ್ ಕಿತ್ತು ಮತ್ತೆ ಚುಚ್ಚಿದೆ. ರಿಪೇರಿಯವನ ಸುದ್ದಿಯೇ ಇಲ್ಲ. ತಾಯಿ ನಾವು ಕೊಟ್ಟ ಚಹಾ ಕುಡಿದರು, ಗಡಿಯಾರ ನೋಡಿದರು.

"ಅಕ್ಕ, ನಾನು ಮಾಡ್ಲಾ? ಅವರಿಗೆ ತಡ ಆಗ್ತದೆ," ಎಂದಳು ಹುಡುಗಿ.

ತಾಯಿ ನನ್ನ ಮುಖ ನೋಡಿದರು. "ಮಾಡು," ಎಂದೆ. ಸ್ಟೂಲ್ ಆ ಕಡೆಗೆ ಸರಿಯಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಬ್ಯಾರಿಯಲ್ಲಿ ಮಾತಿಗಿಳಿದರು. ನನಗೆ ಆ ಭಾಷೆ ಅರ್ಧ ತಿಳಿಯುತ್ತದೆ. ಅವರು ನಗುತ್ತಿದ್ದುದು ಮಾತ್ರ ತಿಳಿಯದ ಅರ್ಧಕ್ಕೆ. ಎಷ್ಟು ಸಲ ನಕ್ಕರೋ ಅಷ್ಟು ಸಲ ನನ್ನ ಹೊಟ್ಟೆಯೊಳಗೆ ಒಗ್ಗರಣೆ ಸಿಡಿಯಿತು.

ಮಧ್ಯಾಹ್ನ ಕಳೆದ ಮೇಲೆ ರಿಪೇರಿಯವನು ಬಂದ. ಮೌಸ್ ಮಗುಚಿ ಉಗುರಿನಿಂದ ಕೆರೆದು ಮೂಸಿದ. "ಎಂತ ಮಾರಾಯ್ರೆ ಇದು, ಗಂಧವಾ? ಕಣ್ಣಿಗೇ ಹಚ್ಚಿದ್ದೀರಲ್ಲ, ಅದಕ್ಕೆ ಕಾಣುವುದು ಹೇಗೆ?" ಎಂದು ಇಡೀ ಸ್ಟುಡಿಯೋಕ್ಕೆ ಕೇಳುವ ಹಾಗೆ ಹೇಳಿದ. ಮಾಲಕರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ಅವನು ಬಟ್ಟೆಯಲ್ಲಿ ಒರೆಸಿ, ಎಲ್ಲೋ ಒಂದು ಕಡೆ ಒತ್ತಿ ಗುಂಡಿಗಳನ್ನೂ ಅದಲುಬದಲು ಮಾಡಿದ. "ಅಪ್‌ಗ್ರೇಡ್ ಆದಾಗ ನಿಮ್ಮ ಎಡಗೈ ಸೆಟ್ಟಿಂಗ್ ಹೋಗಿತ್ತು, ಅಷ್ಟೇ," ಎಂದ. ಬಾಣ ನಾನು ಹೇಳಿದಲ್ಲಿಗೆ ಹೋಯಿತು, ನಿಲ್ಲೆಂದಲ್ಲಿ ನಿಂತಿತು.

ನಾನು ಎದ್ದು ಪಕ್ಕದ ಮೇಜಿನ ಹತ್ತಿರ ಹೋದೆ. "ಅಮ್ಮ, ನನ್ನದು ಸರಿ ಆಯ್ತು. ಬನ್ನಿ, ಇಲ್ಲಿಗೇ ಬನ್ನಿ."

"ಈಗ ಅರ್ಧ ಆಯ್ತಲ್ಲ ಮಾರಾಯ್ತಿ, ಇವಳೇ ಮುಗಿಸ್ಲಿ."

"ಹಾಗಾದ್ರೆ ಮದುಮಗಳ ಮುಖ ಒಮ್ಮೆ ನೋಡ್ತೇನೆ," ಎಂದು ಬಗ್ಗಿದೆ.

ಅವರು ಶಾಲಿನ ತುದಿ ಹಿಡಿದು ಪರದೆಗೆ ಅಡ್ಡ ಮಾಡಿದರು. ಕೋಪ ಏನೂ ಇರಲಿಲ್ಲ, ಮೆಲ್ಲಗೇ ಹೇಳಿದರು: "ಬೇಸರ ಮಾಡ್ಬೇಡಿ. ಇಲ್ಲಿ ಒಬ್ಬಳೇ ಫೋಟೋ ನೋಡ್ತಾಳೆ ಅಂತ ಮಗಳಿಗೆ ಮಾತು ಕೊಟ್ಟು ಬಂದಿದ್ದೇನೆ. ದೊಡ್ಡವಳ ಆಲ್ಬಮ್ ಮಾಡುವಾಗ ನೀವೇ ಅಲ್ವಾ ಹೇಳಿದ್ದು, ಕೆಲಸ ಮಾಡುವವಳದ್ದು ಬಿಟ್ಟು ಇನ್ನೊಂದು ಕಣ್ಣು ಬೀಳ್ಬಾರ್ದು ಅಂತ?"

"ಹೌದಮ್ಮ, ಸರಿ," ಎಂದು ನಾನು ನನ್ನ ಕುರ್ಚಿಗೆ ಬಂದು ಕುಳಿತೆ. ಆ ಕೊನೆಯ ಮಗಳನ್ನು ಮದುಮಗಳಾಗಿ ನಾನು ಇವತ್ತಿನವರೆಗೂ ನೋಡಿಲ್ಲ.